‘ಸಿಡಿ19 ಪಾಸಿಟಿವ್’ ಅಂದರೆ ಹೆದರಬೇಕಾ?

ಹಿಂದಿನ ಸಂಚಿಕೆಯಲ್ಲಿ ರಕ್ತದ ರಿಪೋರ್ಟ್ ಓದುವುದು ಹೇಗೆ ಅಂತ ಬರೆಯುವಾಗ ‘ಸಿಡಿ19’ ಅನ್ನುವ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ತಪ್ಪಾಯಿತು. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ. ಹಾಗಾಗಿ ಬಿಪಿ, ಥೈರಾಯ್ಡ್, ಮಂಡಿ ನೋವಿನ ಪ್ರಶ್ನೆ ಕೇಳಿದವರು ಈ ಸಲ ಸ್ವಲ್ಪ ಕಾಯಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ 31 ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ರಿಪೋರ್ಟಿನಲ್ಲಿ ಏನು ಬರೆದಿದೆ ಅಂತ ಹೇಳಬಲ್ಲೆ. ಯಾವ ಮಾತ್ರೆ ನುಂಗಬೇಕು ಅಂತ ಹೇಳುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಣ್ಣನ ಮಗನಿಗೆ ಆರು ವರ್ಷ. ಒಂದು ತಿಂಗಳಿಂದ ಜ್ವರ ಬಂದು ಹೋಗುತ್ತಿತ್ತು. ಮೈ ಬಿಳಿಚಿಕೊಂಡಿತ್ತು, ಕಾಲ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ದಾವಣಗೆರೆಯಲ್ಲಿ ಮೂಳೆ ಮಜ್ಜೆ ತೆಗೆದು ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ‘ಸಿಡಿ19 ಪಾಸಿಟಿವ್, ಸಿಡಿ10 ಪಾಸಿಟಿವ್, ಸಿಡಿ34 ಪಾಸಿಟಿವ್, ಸಿಡಿ3 ನೆಗೆಟಿವ್’ ಅಂತಿದೆ. ಮೂರು ಪಾಸಿಟಿವ್ ಬಂದಿದೆ ಅಂತ ಅತ್ತಿಗೆ ಊಟ ಬಿಟ್ಟಿದ್ದಾರೆ. ಊರಿನವರೊಬ್ಬರು ಇದು ಎಚ್‌ಐವಿ ಇದ್ದ ಹಾಗೆ, ಅಂಟುತ್ತೆ ಅಂತ ಬೇರೆ ಹೇಳಿದ್ದಾರೆ. ಏನಿದು?
— ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಮೊದಲು ಅತ್ತಿಗೆಗೆ ಊಟ ಮಾಡಲು ಹೇಳಿ. ಆಸ್ಪತ್ರೆ ಓಡಾಟಕ್ಕೆ ಅವರಿಗೆ ಶಕ್ತಿ ಬೇಕು. ಆ ಊರಿನವರಿಗೆ, ಇದು ಯಾರಿಗೂ ಅಂಟುವುದಿಲ್ಲ, ಹುಡುಗನ ಪಕ್ಕ ಕೂತು ಒಂದೇ ತಟ್ಟೆಯಲ್ಲಿ ಊಟ ಮಾಡಿದರೂ ಅಂಟುವುದಿಲ್ಲ ಅಂತ ಹೇಳಿ.

ಇಲ್ಲಿ ಪಾಸಿಟಿವ್ ಅಂದರೆ ‘ಇದೆ’ ಅಂತ ಅಷ್ಟೇ. ಸಿಡಿ19 ಒಂದು ಪ್ರೊಟೀನು. ರೋಗಾಣು ಅಲ್ಲ, ವಿಷ ಅಲ್ಲ. ನಮ್ಮ ರಕ್ತದಲ್ಲಿರುವ ‘ಬಿ’ ಕೋಶಗಳ ಮೈಮೇಲೆ, ಅಂದರೆ ಅವುಗಳ ಹೊರ ಪೊರೆಯಲ್ಲಿ ನೆಟ್ಟುಕೊಂಡಿರುತ್ತದೆ. ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸುವುದು ಈ ಬಿ ಕೋಶಗಳ ವಂಶವೇ. ನಿಮ್ಮಲ್ಲೂ ಇದೆ, ಇದನ್ನು ಬರೆಯುತ್ತಿರುವ ನನ್ನಲ್ಲೂ ಇದೆ. ದೊಡ್ಡವರ ರಕ್ತದ ಲಿಂಫೋಸೈಟ್‌ಗಳಲ್ಲಿ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ, ಸುಮಾರು ಶೇ 5ರಿಂದ 20ರಷ್ಟು ಬಿ ಕೋಶಗಳು. ಅಷ್ಟೂ ಸಿಡಿ19 ಪಾಸಿಟಿವ್. ಒಂದೂ ಇಲ್ಲದಿದ್ದರೆ ಅದು ಕಾಯಿಲೆ. ಆ ವಿಷಯ ಕೆಳಗೆ ಬರುತ್ತದೆ.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ. ಇದರ ಹೆಸರು ಫ್ಲೋ ಸೈಟೊಮೆಟ್ರಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಮಜ್ಜೆ ಬರುತ್ತದೆ. ಅದರಲ್ಲಿ ಸ್ವಲ್ಪ ತೆಗೆದು, ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಬೆರೆಸಿ ಕತ್ತಲಲ್ಲಿ ಇಡುತ್ತೇವೆ. ಸಿಡಿ19 ಹಿಡಿಯುವ ಪ್ರತಿಕಾಯಕ್ಕೆ ಒಂದು ಬಣ್ಣ, ಸಿಡಿ10 ಹಿಡಿಯುವುದಕ್ಕೆ ಇನ್ನೊಂದು. ಆಮೇಲೆ ಕೋಶಗಳನ್ನು ಸಣ್ಣ ನಳಿಕೆಯಲ್ಲಿ ಒಂದರ ಹಿಂದೆ ಒಂದು ಹರಿಸುತ್ತಾರೆ. ಲೇಸರ್ ಬೆಳಕು ಬೀಳುತ್ತದೆ. ಬಣ್ಣ ಅಂಟಿಕೊಂಡ ಕೋಶ ಹೊಳೆಯುತ್ತದೆ. ಸೆಕೆಂಡಿಗೆ ಸಾವಿರಾರು ಕೋಶ. ಪರದೆಯ ಮೇಲೆ ಪ್ರತಿ ಕೋಶವೂ ಒಂದು ಚುಕ್ಕೆ. ಪೇಪರ್ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಆರೋಗ್ಯವಂತರಲ್ಲಿ ಬೇರೆ ಬೇರೆ ಜಾತಿಯ ಕೋಶಗಳು ತಮ್ಮ ತಮ್ಮ ಜಾಗದಲ್ಲಿ ಗುಂಪಾಗಿ ಬೀಳುತ್ತವೆ. ಲ್ಯುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಇದ್ದರೆ ಇರಬಾರದ ಜಾಗದಲ್ಲಿ ಒಂದು ದೊಡ್ಡ ಗುಂಪು ಕಾಣುತ್ತದೆ.

ಆ ಗುಂಪು ಯಾವ ಮನೆತನದ್ದು ಅಂತ ಹೇಳುವುದಕ್ಕೇ ನಿಮ್ಮ ರಿಪೋರ್ಟಿನ ನಾಲ್ಕು ಸಾಲು. ಸಿಡಿ19 ಇದೆ, ಅಂದರೆ ‘ಬಿ’ ಮನೆತನ. ಸಿಡಿ3 ಇಲ್ಲ, ಅಂದರೆ ಬಿಳಿ ರಕ್ತಕಣಗಳ ಇನ್ನೊಂದು ಮನೆತನವಾದ ‘ಟಿ’ ಅಲ್ಲ. ಸಿಡಿ34 ಇದೆ, ಅಂದರೆ ಇನ್ನೂ ಬಲಿಯದ ಎಳೆ ಕೋಶ. ಸಿಡಿ10 ಇದೆ ಅನ್ನುವುದು ಮಕ್ಕಳ ಬಿ ಲ್ಯುಕೀಮಿಯಾದಲ್ಲಿ ಸಾಮಾನ್ಯವಾಗಿ ಕಾಣುವ ಗುರುತು. ಮುಚ್ಚಿಟ್ಟು ಹೇಳುವುದು ನನಗೆ ಇಷ್ಟವಿಲ್ಲ. ಇದು ರಕ್ತದ ಕ್ಯಾನ್ಸರಿನ ಕಡೆಗೇ ಕೈ ತೋರಿಸುತ್ತಿದೆ. ರಿಪೋರ್ಟಿನ ಕೊನೆಯಲ್ಲಿ ಡಾಕ್ಟರ್ ಬರೆದ ಸಾಲೇ ರೋಗದ ಹೆಸರು, ಅದನ್ನು ಅವರ ಬಾಯಿಂದಲೇ ಕೇಳಿ. ಆದರೆ ಇದನ್ನೂ ತಿಳಿದುಕೊಳ್ಳಿ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ. ಪೂರ್ತಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗಿ ಶಾಲೆಗೆ ವಾಪಸ್ ಹೋಗುತ್ತಾರೆ. ‘ಪೂರ್ತಿ’ ಅನ್ನುವ ಪದಕ್ಕೆ ಎರಡು ಗೆರೆ ಎಳೆಯಿರಿ. ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಮೊದಲ ತಿಂಗಳಲ್ಲೇ ಜ್ವರ ಬಿಟ್ಟು ಹುಡುಗ ಆಡಲು ಶುರು ಮಾಡುತ್ತಾನೆ. ಗುಣವಾಯಿತು ಅಂತ ಬಸ್ ಹತ್ತಿ ಊರಿಗೆ ಬಂದುಬಿಡುತ್ತಾರಲ್ಲ, ಅಲ್ಲೇ ಸೋಲುವುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಕಾರ್ಡ್ ಇವತ್ತೇ ಹುಡುಕಿ ಚೀಲದಲ್ಲಿ ಇಟ್ಟುಕೊಳ್ಳಿ.

ಚಿಕಿತ್ಸೆ ಶುರುವಾಗಿ ಒಂದು ತಿಂಗಳ ಹೊತ್ತಿಗೆ ಮತ್ತೆ ಮಜ್ಜೆ ತೆಗೆಯುತ್ತಾರೆ. ಆಗ ‘ಎಂಆರ್‌ಡಿ’ ಅಂತ ಒಂದು ಪದ ಬರುತ್ತದೆ. ಹತ್ತು ಸಾವಿರ ಕೋಶಗಳಲ್ಲಿ ಒಂದು ಕೆಟ್ಟ ಕೋಶ ಉಳಿದಿದೆಯಾ ಅಂತ ಹುಡುಕುವ ಪರೀಕ್ಷೆ. ಅಲ್ಲೂ ಮೊದಲು ಬಲೆ ಬೀಸುವುದು ಸಿಡಿ19ಕ್ಕೇ. ಅಲ್ಲಿ ‘ನೆಗೆಟಿವ್’ ಬಂದರೆ ಸಂತೋಷ ಪಡಿ. ನೋಡಿ, ಒಂದೇ ಕಾಯಿಲೆಯ ಎರಡು ರಿಪೋರ್ಟಿನಲ್ಲಿ ಪಾಸಿಟಿವ್, ನೆಗೆಟಿವ್ ಪದಗಳ ಅರ್ಥವೇ ಬೇರೆ.

ಪ್ರಶ್ನೆ: ಸಿಡಿ ಅಂದರೆ ಹಾಡಿನ ಸಿಡಿ ಥರಾನಾ? 19 ಅಂದರೆ ಎಷ್ಟು ಜೋರು ಅಂತಾನಾ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಚನ್ನಗಿರಿ

ಉತ್ತರ: ಹಾಡಿನ ಸಿಡಿ ನೋಡಿದ್ದೀಯಲ್ಲ, ಅದೇ ದೊಡ್ಡದು ಪುಟ್ಟಾ! ಇದು ‘ಕ್ಲಸ್ಟರ್ ಆಫ್ ಡಿಫರೆನ್ಶಿಯೇಶನ್’. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅನ್ನುವ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು. ಆಮೇಲೆ ಎಲ್ಲ ಲ್ಯಾಬುಗಳೂ ಬಿಳಿ ರಕ್ತಕಣದ ಮೇಲಿನ ಪ್ರೊಟೀನುಗಳನ್ನು ಹಿಡಿಯಲು ಶುರು ಮಾಡಿದವು. ಪ್ರತಿಯೊಬ್ಬರೂ ತಮಗೆ ತೋಚಿದ ಹೆಸರಿಟ್ಟರು. ನಿನಗೆ ಮನೆಯಲ್ಲಿ ಒಂದು ಹೆಸರು, ಹಾಜರಿ ಪುಸ್ತಕದಲ್ಲಿ ಇನ್ನೊಂದು, ಕ್ರಿಕೆಟ್ ಆಡುವಾಗ ಮತ್ತೊಂದು ಇದೆಯಲ್ವಾ, ಹಾಗೆ. ಸಿಡಿ19ಕ್ಕೂ ಮೊದಲು ‘ಬಿ4’ ಅಂತ ಹೆಸರಿತ್ತು. 1982ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಸೇರಿ ಜಗಳ ಬಿಟ್ಟು ನಂಬರ್ ಕೊಡಲು ಶುರು ಮಾಡಿದರು. ಈಗ 370 ದಾಟಿದೆ. ನಂಬರು ಹಾಜರಿ ನಂಬರ್ ಇದ್ದ ಹಾಗೆ, ಮಾರ್ಕ್ಸ್ ಅಲ್ಲ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಓದುತ್ತಿದ್ದೇನೆ. ಸಿಡಿ19 ಜೀನ್ ಎಲ್ಲಿದೆ, ಅದರ ಪ್ರೊಟೀನ್ ಪೊರೆಯಲ್ಲಿ ಕೂತು ಏನು ಮಾಡುತ್ತದೆ? ನಮ್ಮ ಸೆಮಿನಾರಿನಲ್ಲಿ ಇದನ್ನು ಕೋಟೆ ಕಾಯುವ ಓಬವ್ವನಿಗೆ ಹೋಲಿಸಬಹುದಾ?
— ಚಿತ್ರದುರ್ಗದ ವಿದ್ಯಾರ್ಥಿನಿ

ಉತ್ತರ: ದುರ್ಗದವರು ರೋಗ ನಿರೋಧಕ ಶಕ್ತಿ ಅಂದ ಕೂಡಲೇ ಓಬವ್ವನನ್ನು ಕರೆದುಬಿಡುತ್ತೀರಿ! ಸಿಡಿ19ರ ಕೈಯಲ್ಲಿ ಒನಕೆ ಇಲ್ಲ ತಾಯಿ. ಅದು ಯಾರನ್ನೂ ಹೊಡೆಯುವುದಿಲ್ಲ. ಓಬವ್ವ ನೀರಿಗೆ ಹೋದಾಗ ಕಿಂಡಿ ಹತ್ತಿರ ಗುಸುಗುಸು ಕೇಳಿಸಿತಲ್ಲ, ಆ ಕಿವಿಗೆ ಬೇಕಾದರೆ ಹೋಲಿಸು. ಅದೂ ಪೂರ್ತಿ ಒಪ್ಪುವುದಿಲ್ಲ. ನನ್ನ ಹತ್ತಿರ ಬೇರೆ ಹೋಲಿಕೆ ಇದೆ, ಆಮೇಲೆ ಹೇಳುತ್ತೇನೆ.

ಜೀನ್ ಇರುವುದು 16ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ, ವಿಳಾಸ 16ಪಿ11.2. 15 ಎಕ್ಸಾನ್‌ಗಳ, ಅಂದರೆ ಪ್ರೊಟೀನಿನ ಬರಹ ಇರುವ ತುಂಡುಗಳ, ಚಿಕ್ಕ ಜೀನ್. ನಿನ್ನ ಚರ್ಮದ ಕೋಶದಲ್ಲೂ, ಲಿವರಿನ ಕೋಶದಲ್ಲೂ ಈ ಜೀನ್ ಇದ್ದೇ ಇದೆ. ಆದರೆ ಅಲ್ಲಿ ಯಾರೂ ಅದನ್ನು ತೆರೆದು ಓದುವುದಿಲ್ಲ. ಪ್ಯಾಕ್ಸ್5 ಅನ್ನುವ ಇನ್ನೊಂದು ಪ್ರೊಟೀನ್ ಬಂದು ಬೀಗ ತೆಗೆದರೆ ಮಾತ್ರ ಓದು ಶುರು. ಅದು ಆಗುವುದು ಬಿ ಕೋಶದ ದಾರಿ ಹಿಡಿದ ಕೋಶಗಳಲ್ಲಿ. ಹಾಗಾಗಿಯೇ ಈ ಪ್ರೊಟೀನ್ ಅಷ್ಟು ನಂಬಿಗಸ್ತ ಗುರುತು.

ಪ್ರೊಟೀನು 556 ಅಮೈನೋ ಆಮ್ಲಗಳ ಸರ. ಪೊರೆಯನ್ನು ಒಂದೇ ಸಲ ದಾಟುತ್ತದೆ. ಹೆಚ್ಚುಕಮ್ಮಿ ಅರ್ಧ ಹೊರಗೆ, ಅರ್ಧ ಒಳಗೆ. ಒಳಗಿನ ಬಾಲದಲ್ಲಿ ಟೈರೋಸಿನ್ ಅನ್ನುವ ಅಮೈನೋ ಆಮ್ಲಗಳು ಒಂಬತ್ತಿವೆ. ಸಿಗ್ನಲ್ ಹೋಗುವುದು ಅವುಗಳ ಮೂಲಕ. ಇಷ್ಟು ನಿನ್ನ ಪುಸ್ತಕದಲ್ಲೂ ಇರಬಹುದು. ಅದು ಯಾಕೆ ಬೇಕು ಅನ್ನುವುದು ಸ್ವಾರಸ್ಯ.

ನಮ್ಮ ಅಪ್ಪ ಚೌಕಿಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮದುವೆ ಸೀಸನ್ ಬಂತು ಅಂದರೆ ಸುತ್ತಲ ಹಳ್ಳಿಯವರು ಜವಳಿ ತೆಗೆಯಲು ದಾವಣಗೆರೆಗೆ ಬರುತ್ತಿದ್ದರು. ಕೆಲವರು ಉದ್ರಿ ಕೇಳುತ್ತಿದ್ದರು. ಗುರುತಿಲ್ಲದವರು ಕೇಳಿದರೆ ಸಾಹುಕಾರರು ಪಂಚೆ ಸರಿ ಮಾಡಿಕೊಳ್ಳುತ್ತಾ ‘ನೋಡೋಣ’ ಅನ್ನುತ್ತಿದ್ದರು. ನೋಡೋಣ ಅಂದರೆ ಇಲ್ಲ ಅಂತ. ಆದರೆ ಅದೇ ಮನುಷ್ಯ ಗೊತ್ತಿರುವ ದಲಾಲರ ಚೀಟಿ ಹಿಡಿದು ಬಂದರೆ ಲೆಕ್ಕವೇ ಬೇರೆ. ಬಾಗಿಲ ಹತ್ತಿರ ಕೂತಿದ್ದ ಹುಡುಗ ಚೀಟಿ ಗುರುತು ಹಿಡಿಯುತ್ತಿದ್ದ. ಅವನಿಗೆ ಸಾಹುಕಾರರ ಮುಂದೆ ಬಾಯಿ ಬರುತ್ತಿರಲಿಲ್ಲ. ಅವನು ಅಪ್ಪನ ಕಡೆ ನೋಡುವುದು, ಅಪ್ಪ ಗಾದಿ ಹತ್ತಿರ ಹೋಗಿ ಬಗ್ಗಿ ‘ನಮ್ಮವರೇ, ಕೊಡಬಹುದು’ ಅನ್ನುವುದು. ಥಾನು ಬಿಚ್ಚುತ್ತಿತ್ತು.

ಬಿ ಕೋಶದ ಬಾಗಿಲಲ್ಲಿ ನಡೆಯುವುದೂ ಇದೇ. ಕೋಶಕ್ಕೆ ತನ್ನದೇ ಗ್ರಾಹಿ ಇದೆ, ಅದು ಹೊರಗಿನ ವಸ್ತುವನ್ನು ಹಿಡಿಯುತ್ತದೆ. ಆದರೆ ಸ್ವಲ್ಪ ವಸ್ತು ಬಂದರೆ ಕೋಶ ‘ನೋಡೋಣ’ ಅಂತ ಸುಮ್ನೆ ಇದ್ದುಬಿಡುತ್ತದೆ. ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೊಟೀನುಗಳ ಪಡೆ ಇದೆ. ಅವು ರೋಗಾಣು ಕಂಡಾಗ ಅದರ ಮೈಮೇಲೆ ಸಿ3ಡಿ ಅನ್ನುವ ಚೀಟಿ ಅಂಟಿಸುತ್ತವೆ. ಆ ಚೀಟಿ ಗುರುತು ಹಿಡಿಯುವ ಬಾಗಿಲ ಹುಡುಗ ಸಿಡಿ21. ಅವನ ಒಳಬಾಲ ಬಹಳ ಗಿಡ್ಡ, ಒಳಗೆ ಸುದ್ದಿ ಮುಟ್ಟಿಸಲು ಆಗದು. ಪಕ್ಕದಲ್ಲೇ ಅಂಟಿಕೊಂಡು ನಿಂತ ಸಿಡಿ19 ನಮ್ಮ ಅಪ್ಪ. ಲಿನ್ ಅನ್ನುವ ಕಿಣ್ವ ಅದರ ಬಾಲದ ಟೈರೋಸಿನ್‌ಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ಅಲ್ಲಿಗೆ ಪಿಐ3 ಕೈನೇಸ್ ಅನ್ನುವ ಇನ್ನೊಂದು ಕಿಣ್ವ ಬಂದು ಕೂರುತ್ತದೆ. ಅಲ್ಲಿಂದ ಸುದ್ದಿ ಕೋಶದೊಳಗೆ ಹರಡುತ್ತದೆ, ಎದ್ದೇಳು, ಹೆಚ್ಚಾಗು, ಪ್ರತಿಕಾಯ ಮಾಡು ಅಂತ.

ಚೀಟಿಯ ಬೆಲೆ ಎಷ್ಟು ಗೊತ್ತಾ? 1996ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೋಳಿ ಮೊಟ್ಟೆಯಲ್ಲಿ ಸಿಗುವ ಲೈಸೋಜೈಮ್ ಅನ್ನುವ ಪ್ರೊಟೀನಿಗೆ ಸಿ3ಡಿ ಚೀಟಿಗಳನ್ನು ಜೋಡಿಸಿ ಕೊಟ್ಟರು. ಎರಡು ಚೀಟಿ ಇದ್ದಾಗ ಬರಿ ಲೈಸೋಜೈಮಿಗಿಂತ ಸಾವಿರ ಪಟ್ಟು, ಮೂರು ಇದ್ದಾಗ ಹತ್ತು ಸಾವಿರ ಪಟ್ಟು ಕಡಿಮೆ ಪ್ರಮಾಣದಲ್ಲೇ ಇಲಿಯ ಮೈ ಪ್ರತಿಕಾಯ ಮಾಡಿತು. ಸೆಮಿನಾರಿನಲ್ಲಿ ಇದೊಂದನ್ನು ಬಿಡಬೇಡ.

ಇನ್ನೊಬ್ಬನಿದ್ದಾನೆ, ಸಿಡಿ81. ಸಿಡಿ19ನ್ನು ಕೋಶದೊಳಗಿಂದ ಪೊರೆಯವರೆಗೆ ಕರೆತರುವವನು. ಅವನ ಜೀನ್ ಕೆಟ್ಟರೆ ಸಿಡಿ19 ಜೀನ್ ಸರಿ ಇದ್ದರೂ ಪ್ರೊಟೀನ್ ಹೊರಗೆ ಕಾಣುವುದಿಲ್ಲ. ಅಪ್ಪನನ್ನು ಸೈಕಲ್ ಮೇಲೆ ಅಂಗಡಿಗೆ ಬಿಡುತ್ತಿದ್ದ ನಮ್ಮ ಚಿಕ್ಕಪ್ಪನ ಹಾಗೆ ಅಂತ ಬರೆಯಬೇಕು ಅನಿಸಿತು, ಆದರೆ ಹೋಲಿಕೆ ಜಾಸ್ತಿಯಾಯಿತು.

ಪ್ರಶ್ನೆ: ಅಕ್ಕಾರೆ, ನಮ್ಮದು ಎಂಟು ಸಾವಿರ ಕೋಳಿ ಸಾಕುವ ಫಾರಂ. ‘ಬಿ ಕೋಶ’ ಅಂತ ಬರೆದಿದ್ರಿ. ಗಂಬೋರೊ ಬಂದರೆ ಕೋಳಿಯ ಬರ್ಸಾ ಹಾಳಾಗುತ್ತೆ, ಆಮೇಲೆ ಯಾವ ವ್ಯಾಕ್ಸಿನೂ ಹಿಡಿಯಲ್ಲ ಅಂತ ನಮ್ಮ ಕೋಳಿ ಡಾಕ್ಟರ್ ಹೇಳ್ತಾರೆ. ಈ ಬಿ, ಆ ಬಿ ಒಂದೇನಾ?
— ಹರಿಹರ ತಾಲ್ಲೂಕಿನ ರೈತರು

ಉತ್ತರ: ಒಂದೇ ಅಣ್ಣಾ! ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ನಿಮ್ಮದು. ಬಿ ಕೋಶದ ‘ಬಿ’ ಬಂದದ್ದೇ ಕೋಳಿಯ ಬರ್ಸಾದಿಂದ. ಕೋಳಿ ಕೊಯ್ದಾಗ ಹಿಂಭಾಗದಲ್ಲಿ, ಹಿಕ್ಕೆ ಹಾಕುವ ದ್ವಾರದ ಮೇಲೆ, ಸಣ್ಣ ಚೀಲದ ಹಾಗೆ ಇರುತ್ತದಲ್ಲ, ಅದು. ಅದರ ಉಪಯೋಗ ಏನು ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ನೋಡುತ್ತಿದ್ದ. ಅವನ ಜೊತೆಗಾರನಿಗೆ ಕ್ಲಾಸಿನಲ್ಲಿ ತೋರಿಸಲು ಪ್ರತಿಕಾಯ ಬೇಕಿತ್ತು. ಗ್ಲಿಕ್‌ನ ಕೋಳಿಗಳನ್ನೇ ತೆಗೆದುಕೊಂಡು ಚುಚ್ಚಿದ. ಪಾಠ ಕೆಟ್ಟಿತು, ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಬರಲಿಲ್ಲ. ದೊಡ್ಡ ಪತ್ರಿಕೆ ಅವರ ಲೇಖನ ಬೇಡ ಅಂದಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮನುಷ್ಯರ ಡಾಕ್ಟರುಗಳಿಗೆ ಅದು ಕಣ್ಣಿಗೆ ಬೀಳಲು ವರ್ಷಗಳೇ ಹಿಡಿದವು.

ನಮಗೆ ಬರ್ಸಾ ಇಲ್ಲ. ಆ ಕೆಲಸ ಮೂಳೆ ಮಜ್ಜೆಯಲ್ಲಿ ನಡೆಯುತ್ತದೆ. ಗಂಬೋರೊ ವೈರಸ್ ಬರ್ಸಾದೊಳಗಿನ ಎಳೆ ಬಿ ಕೋಶಗಳನ್ನೇ ತಿನ್ನುತ್ತದೆ. ಪ್ರತಿಕಾಯ ಮಾಡುವವರೇ ಇಲ್ಲದಿದ್ದರೆ ವ್ಯಾಕ್ಸಿನ್ ಹಿಡಿಯುವುದು ಹೇಗೆ? ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ನೀರಿನಲ್ಲಿ ಕೊಡುವ ಆ ಡೋಸನ್ನು ತಪ್ಪಿಸಬೇಡಿ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಹುಟ್ಟಿದ ಆರೇಳು ತಿಂಗಳಿಂದ ಕಿವಿ ಸೋರುವುದು, ಮೂರು ಸಲ ನ್ಯುಮೋನಿಯಾ. ಈಗ ಹೊಸ ಡಾಕ್ಟರ್ ಸಿಡಿ19 ಎಣಿಕೆ ಮಾಡಿಸಿ ಅಂದಿದ್ದಾರೆ. ಅದರಿಂದ ಏನು ತಿಳಿಯುತ್ತದೆ? ನಮ್ಮದು ಸೋದರಮಾವನ ಜೊತೆ ಆದ ಮದುವೆ.
— ಚಳ್ಳಕೆರೆಯ ತಾಯಿ

ಉತ್ತರ: ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ ತಾಯಿ, ಬಿಡಬೇಡಿ. ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ಅಮ್ಮನ ಪ್ರತಿಕಾಯಗಳೇ ಕಾವಲು. ಅವು ಖಾಲಿಯಾದ ಮೇಲೆ ಮಗು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಕೆಲವು ಮಕ್ಕಳಿಗೆ ಆಗುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ಕಿವಿ, ಎದೆಯ ಸೋಂಕು ಶುರುವಾಗುತ್ತದೆ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಬ್ರೂಟನ್ ಇಂಥ ಒಬ್ಬ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳಿರುವ ಭಾಗ, ಇಲ್ಲವೇ ಇಲ್ಲ ಅಂತ ಕಂಡರು. ಆ ಕಾಯಿಲೆಯಲ್ಲಿ ಬಿ ಕೋಶವೇ ಬಲಿಯುವುದಿಲ್ಲ. ಸಿಡಿ19 ಎಣಿಸಿದರೆ ಶೇ 2ಕ್ಕಿಂತ ಕಡಿಮೆ, ಎಷ್ಟೋ ಸಲ ಸೊನ್ನೆ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಬರುವುದು ಹೆಚ್ಚಾಗಿ ಗಂಡು ಮಕ್ಕಳಿಗೆ.

ಬಹಳ ಅಪರೂಪದ ಇನ್ನೊಂದು ಬಗೆ ಇದೆ. ಬಿ ಕೋಶಗಳು ಲೆಕ್ಕಕ್ಕೆ ಸರಿಯಾಗಿ ಇರುತ್ತವೆ, ಅವುಗಳ ಮೈಮೇಲೆ ಸಿಡಿ19 ಇರುವುದಿಲ್ಲ. 2006ರಲ್ಲಿ ಟರ್ಕಿಯ ಒಂದು ಕುಟುಂಬ, ಕೊಲಂಬಿಯಾದ ಒಂದು ಕುಟುಂಬದ ಒಟ್ಟು ನಾಲ್ವರಲ್ಲಿ ಇದು ಮೊದಲು ಕಂಡಿತು. ಮೇಲೆ ಹೇಳಿದ ಅಂಗಡಿಯಲ್ಲಿ ಅಪ್ಪ ಇಲ್ಲದ ಹಾಗೆ. ಸರಕು ಇದೆ, ಗಿರಾಕಿ ಇದ್ದಾನೆ, ವ್ಯಾಪಾರ ಕುದುರುವುದಿಲ್ಲ. ಇಲ್ಲಿ ಒಂದು ಮೋಸವೂ ಇದೆ. ಬರಿ ಸಿಡಿ19 ಎಣಿಸಿದರೆ ಸೊನ್ನೆ ಬಂದು ಬಿ ಕೋಶವೇ ಇಲ್ಲ ಅನಿಸುತ್ತದೆ. ಹಾಗಾಗಿ ಲ್ಯಾಬಿನವರು ಜೊತೆಗೆ ಬಿ ಕೋಶದ ಮೇಲಿನ ಇನ್ನೊಂದು ಪ್ರೊಟೀನಾದ ಸಿಡಿ20 ಕೂಡ ನೋಡಿದ್ದಾರಾ ಅಂತ ಕೇಳಿ. ಈ ಬಗೆಯಲ್ಲಿ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಿರಬೇಕು. ರಕ್ತಸಂಬಂಧದಲ್ಲಿ ಮದುವೆಯಾದಾಗ ಅದರ ಸಾಧ್ಯತೆ ಹೆಚ್ಚು. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಅಂಥ ಎರಡು ಮದುವೆ ಇವೆ. ಡಾಕ್ಟರಿಗೆ ಇದನ್ನು ಹೇಳುವುದನ್ನು ಮರೆಯಬೇಡಿ ಅಂತ ಅಷ್ಟೇ.

ಎಣಿಕೆ ಕಡಿಮೆ ಬಂದರೆ ಮೂರು ನಾಲ್ಕು ವಾರಕ್ಕೊಮ್ಮೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ, ಡ್ರಿಪ್ ಹಾಕುತ್ತಾರೆ. ದುಬಾರಿ, ಆದರೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ರಿಪೋರ್ಟ್ ಬರುವವರೆಗೆ ಬಾಯಿಗೆ ಹಾಕುವ ಪೋಲಿಯೊ ಹನಿ ಹಾಕಿಸುವ ಮೊದಲು ಆ ಡಾಕ್ಟರನ್ನು ಕೇಳಿ. ಅದರಲ್ಲಿ ಜೀವಂತ ವೈರಸ್ ಇರುತ್ತದೆ.

ಪ್ರಶ್ನೆ: ಚರ್ಮದ ಗುಳ್ಳೆ ಕಾಯಿಲೆಗೆ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಆಗಿದೆ. ಅದು ಸಿಡಿ20ಗೆ ಹೊಡೆಯುವ ಔಷಧ ಅಂತ ಹೇಳಿದರು. ಮತ್ತೆ ಸಿಡಿ19 ಯಾಕೆ ಎಣಿಸುತ್ತಾರೆ? ಸುಮ್ನೆ ದುಡ್ಡು ಕೀಳೋಕಾ?
— ಹೊನ್ನಾಳಿಯ ಓದುಗರು

ಉತ್ತರ: ಇಲ್ಲ, ಇದರಲ್ಲಿ ಮೋಸ ಇಲ್ಲ. ಬಿ ಕೋಶಗಳನ್ನು ಕೊಲ್ಲುವ ಆ ಔಷಧ ಹೋಗಿ ಅವುಗಳ ಸಿಡಿ20 ಮೇಲೆ ಕೂತಿರುತ್ತದೆ. ಆಮೇಲೆ ನಾವು ಬಣ್ಣದ ಪ್ರತಿಕಾಯ ಹಾಕಿದರೆ ಕೂರಲು ಜಾಗ ಇರುವುದಿಲ್ಲ. ಕೋಶ ಇದ್ದರೂ ಇಲ್ಲ ಅಂತ ತೋರಿಸುತ್ತದೆ. ಸಿಡಿ19 ಖಾಲಿ ಇರುತ್ತದೆ, ಅದನ್ನು ಎಣಿಸಿದರೆ ಸರಿ ಲೆಕ್ಕ ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬಿ ಕೋಶಗಳು ವಾಪಸ್ ಬರಲು ಶುರುವಾಗುತ್ತವೆ.

ಪ್ರಶ್ನೆ: ಮುಂಬೈಯಲ್ಲಿ ರಕ್ತದ ಕ್ಯಾನ್ಸರಿಗೆ ಹೊಸ ‘ಕಾರ್ ಟಿ’ ಚಿಕಿತ್ಸೆ ಬಂದಿದೆಯಂತೆ. ಅದೂ ಸಿಡಿ19 ಮೇಲೇ ಅಂತೆ. ಕೆಟ್ಟ ಕೋಶದ ಮೇಲೂ ಒಳ್ಳೆ ಕೋಶದ ಮೇಲೂ ಸಿಡಿ19 ಇದ್ದರೆ ಅದು ಎರಡನ್ನೂ ಕೊಲ್ಲುವುದಿಲ್ವಾ?
— ನಿವೃತ್ತ ಮೇಷ್ಟ್ರು, ಹಿರಿಯೂರು

ಉತ್ತರ: ಕೊಲ್ಲುತ್ತದೆ ಮೇಷ್ಟ್ರೇ. ಎರಡನ್ನೂ ಕೊಲ್ಲುತ್ತದೆ. ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಟ್ರೈನಿಂಗಿನಲ್ಲಿ ಕೇಳಲೇ ಇಲ್ಲ.

ರೋಗಿಯದೇ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ ತೆಗೆಯುತ್ತಾರೆ. ನಿರುಪದ್ರವಿ ಮಾಡಿದ ವೈರಸ್ಸಿನ ಮೂಲಕ ಅವುಗಳಿಗೆ ಒಂದು ಹೊಸ ಜೀನ್ ಸೇರಿಸುತ್ತಾರೆ. ಆಗ ಟಿ ಕೋಶದ ಪೊರೆಯ ಮೇಲೆ ಸಿಡಿ19 ಹಿಡಿಯುವ ಕೊಕ್ಕೆ ಮೂಡುತ್ತದೆ. ಅವನ್ನು ಬೆಳೆಸಿ ವಾಪಸ್ ರಕ್ತಕ್ಕೆ ಬಿಡುತ್ತಾರೆ. ಸಿಡಿ19 ಕಂಡಲ್ಲೆಲ್ಲ ಹೋಗಿ ಕೊಲ್ಲುತ್ತವೆ. ಹಾಗಿದ್ದೂ ಸಿಡಿ19ನ್ನೇ ಯಾಕೆ ಆರಿಸಿಕೊಂಡರು? ಬಿ ಕೋಶ ಇಲ್ಲದೆಯೂ ಮನುಷ್ಯ ಬದುಕಬಲ್ಲ, ಚಳ್ಳಕೆರೆಯ ತಾಯಿಗೆ ಹೇಳಿದ ಆ ಡ್ರಿಪ್ ಹಾಕಿಸಿಕೊಂಡು. ಎಲ್ಲ ರಕ್ತಕಣಗಳ ತಾಯಿಬೇರಾದ ಕೋಶದ ಮೇಲೆ ಸಿಡಿ19 ಇಲ್ಲ. ಹೃದಯ, ಕಿಡ್ನಿಯ ಮೇಲೂ ಇಲ್ಲ. ಹೊಲದಲ್ಲಿ ಕಳೆಯ ಜೊತೆ ಒಂದು ಸಾಲು ಪೈರು ಹೋದರೂ ಹೊಲ ಉಳಿಯುತ್ತದೆ ಅನ್ನುವ ಲೆಕ್ಕ.

2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಅನ್ನುವ ಹುಡುಗಿಗೆ ಇದನ್ನು ಕೊಟ್ಟರು. ಬೇರೆ ಎಲ್ಲ ಔಷಧ ಸೋತಿದ್ದವು. ಮೊದಲು ವಿಪರೀತ ಜ್ವರ ಬಂದು ಐಸಿಯು ಸೇರಿದಳು, ಆಮೇಲೆ ಗುಣವಾದಳು. 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಬೆಲೆ 4,75,000 ಡಾಲರ್. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಅರ್ಪಿಸಿದರು. ಬೆಲೆ ಅಮೆರಿಕದ ಹತ್ತರಲ್ಲೊಂದು ಅಂತಾರೆ. ಆದರೂ ನಮ್ಮ ನಿಮ್ಮಂಥವರಿಗೆ ಲಕ್ಷಗಳ ಲೆಕ್ಕ, ಹೊಲ ಮಾರುವ ಲೆಕ್ಕವೇ.

ಜಗಳೂರಿನ ಮನೆಯವರು ಇದನ್ನು ಓದಿ ಮುಂಬೈ ರೈಲು ಹತ್ತಬೇಡಿ. ಇದು ಮೊದಲ ಚಿಕಿತ್ಸೆ ಅಲ್ಲ, ಬೇರೆಯದಕ್ಕೆ ಬಗ್ಗದೇ ಇದ್ದಾಗ, ಇಲ್ಲವೇ ಮತ್ತೆ ಮರುಕಳಿಸಿದಾಗ ಕೊಡುವಂಥದ್ದು. ಕೆಲವರಲ್ಲಿ ಕ್ಯಾನ್ಸರ್ ಕೋಶ ಇದನ್ನೂ ವಂಚಿಸುತ್ತದೆ. ಜೀನ್ ಓದುವಾಗ ಎರಡನೇ ಎಕ್ಸಾನ್ ಹಾರಿಸಿಬಿಡುತ್ತದೆ, ಕೊಕ್ಕೆ ಸಿಕ್ಕಿಕೊಳ್ಳುವ ಜಾಗವೇ ಇಲ್ಲದಂತಾಗುತ್ತದೆ. ಆಗ ಅದೇ ಮಗುವಿನ ರಿಪೋರ್ಟಿನಲ್ಲಿ ‘ಸಿಡಿ19 ನೆಗೆಟಿವ್’ ಅಂತ ಬರುತ್ತದೆ. ಡಾಕ್ಟರ ಮುಖ ಸಪ್ಪಗಾಗುತ್ತದೆ.

ಪ್ರಶ್ನೆ: ಅಮೃತಬಳ್ಳಿ ಕಷಾಯ ಕುಡಿದರೆ ಸಿಡಿ19 ಜಾಸ್ತಿ ಆಗುತ್ತಾ?
— ದಾವಣಗೆರೆ ವಿದ್ಯಾನಗರದ ಓದುಗರು

ಉತ್ತರ: ಇಲ್ಲ. ಜಾಸ್ತಿ ಆಗುವುದು ಒಳ್ಳೆಯದು ಅಂತ ನಿಮಗೆ ಯಾರು ಹೇಳಿದರು?

ಪ್ರಶ್ನೆ: ನಮ್ಮ ತಂದೆಯ ಮಜ್ಜೆ ಸ್ಯಾಂಪಲ್ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಒಯ್ಯಬೇಕಿದೆ. ಐಸ್ ಎಷ್ಟು ಹಾಕಬೇಕು?
— ಹೊಸದುರ್ಗದ ಓದುಗರು

ಉತ್ತರ: ಹಾಕಲೇಬೇಡಿ. ಈ ಪರೀಕ್ಷೆಗೆ ಕೋಶ ಜೀವಂತವಾಗಿ ಬೇಕು. ಲ್ಯಾಬಿನವರು ಬೇರೆ ಹೇಳದಿದ್ದರೆ ಮನೆಯೊಳಗಿನ ತಂಪೇ ಸಾಕು. ಬಿಸಿಲು ತಾಗಬಾರದು, ಮರುದಿನದೊಳಗೆ ತಲುಪಬೇಕು. ಟ್ಯೂಬ್ ಮೇಲೆ ಹೆಸರಿನ ಜೊತೆ ತೆಗೆದ ದಿನ, ಗಂಟೆ ಬರೆಸಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೇಸಿಗೆ, ಕೆಟ್ಟುಹೋದೀತು ಅಂತ ಟ್ಯೂಬನ್ನು ಐಸ್ ಪ್ಯಾಕಿಗೆ ಒತ್ತಿ ಕಟ್ಟಿ ಕಳಿಸಿದ್ದೆ. ಬೆಳಿಗ್ಗೆ ಫೋನ್ ಬಂತು, ಕೋಶವೆಲ್ಲ ಹೆಪ್ಪುಗಟ್ಟಿ ಒಡೆದಿವೆ, ಬರಿ ಕೆಂಪು ನೀರಿದೆ ಅಂತ. ಏಳು ವರ್ಷದ ಹುಡುಗಿಗೆ ಸೊಂಟದ ಮೂಳೆಗೆ ಮತ್ತೆ ಸೂಜಿ. ಹಿಡಿದುಕೊಳ್ಳಲು ನಾನೇ ನಿಂತಿದ್ದೆ. ಅವಳಜ್ಜಿ ನನ್ನನ್ನು ಏನೂ ಅನ್ನಲಿಲ್ಲ. ‘ಈ ಸಲ ಸರಿಯಾಗಿ ಕಳಸವ್ವಾ’ ಅಂದರು, ಅಷ್ಟೇ. ಅಂದಿನಿಂದ ಟ್ಯೂಬಿಗೆ ದಪ್ಪಗೆ ಹತ್ತಿ ಸುತ್ತಿ, ಡಬ್ಬಿಯ ನಾಲ್ಕೂ ಕಡೆ ‘ಐಸ್ ಇಡಬೇಡಿ’ ಅಂತ ಕನ್ನಡದಲ್ಲೇ ಬರೆಯುತ್ತಿದ್ದೆ. ರಾತ್ರಿಯೆಲ್ಲ ಅದನ್ನು ಕಾಯುವುದು ಬಸ್ಸಿನ ಕಂಡಕ್ಟರ್ ಅಲ್ವಾ.